ಅತ್ತೆ ಮಜ್ಜಿಗೆ ಬಿಟ್ಟದ್ದು

ನಮ್ಮ ಅತ್ತೆ ಮೊದಲು ಬಿಟ್ಟದ್ದು ಮಜ್ಜಿಗೆಯನ್ನು. ಒಂದು ಮುಂಜಾನೆ ಊಟಕ್ಕೆ ಕೂತಾಗ ಲೋಟವನ್ನು ಎಡಗೈಯಿಂದ ನನ್ನ ಕಡೆ ಸರಿಸಿ, “ನೇಮ ತಗೊಂಡೀನಿ, ಇನ್ನ ಮಜ್ಜಿಗಿ ಬ್ಯಾಡ” ಎಂದರು. ನಮ್ಮ ಮನೆಯವರು ತಾಯಿಯ ಮುಖವನ್ನೊಮ್ಮೆ ನೋಡಿ ಊಟ ಮುಂದುವರಿಸಿದರು. ನಾನು ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹೋದವಳೇ ಅದರಿಂದ ಒಂದು ಗುಟುಕು ಕುಡಿದು ನೋಡಿದೆ. ಹುಳಿ ಬಂದಿರಲಿಲ್ಲ. ಉಪ್ಪು ಸರಿಯಾಗಿತ್ತು. ಹಾಗಾದರೆ ಸಿಟ್ಟು ಮಜ್ಜಿಗೆಯ ಮೇಲಲ್ಲ, ಕಡೆದವಳ ಮೇಲೆ ಎಂದುಕೊಂಡೆ.

ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪರೀಕ್ಷೆಯ ಕೋಣೆಯಲ್ಲಿ ವರ್ಷಗಟ್ಟಲೆ ಮಕ್ಕಳ ಬೆನ್ನ ಹಿಂದೆ ನಿಂತು ನಿಂತು ನನ್ನ ಕಣ್ಣು ಕೆಟ್ಟಿದೆ. ಹುಡುಗ ಸುಮ್ಮನೆ ಕೆಮ್ಮಿದರೂ ಯಾರಿಗೆ ಸನ್ನೆ ಮಾಡಿದ ಎಂದು ನೋಡುತ್ತೇನೆ. ಮನೆಗೆ ಬಂದರೂ ಆ ಕಣ್ಣನ್ನು ತೆಗೆದಿಡಲು ಬರುವುದಿಲ್ಲ. ಹಾಲಿನವನು ನಕ್ಕರೆ ನೀರು ಜಾಸ್ತಿ ಹಾಕಿದ್ದಾನೆ ಎನಿಸುತ್ತದೆ. ನಮ್ಮ ಮನೆಯವರು ನನ್ನನ್ನು ಸಂಶಯ ಪಿಶಾಚಿ ಎಂದೇ ಕರೆಯುವುದು. ಅವರು ಹಾಗೆ ಕರೆದಾಗಲೆಲ್ಲ, ಇಷ್ಟು ಪ್ರೀತಿಯಿಂದ ಯಾಕೆ ಕರೆಯುತ್ತಾರೆ ಎಂದು ಇನ್ನೊಂದು ಸಂಶಯ ಬರುತ್ತದೆ.

ತೇರದಾಳದಲ್ಲಿ ನಮ್ಮದು ಹಳೆಯ ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಒಂದು ಅಗುಳು ಹೋಗುವುದಿಲ್ಲ. ಚಳಿಗಾಲದಲ್ಲಿ ನಾನು ಬಸ್ಸಿಳಿಯುವಷ್ಟರಲ್ಲಿ ಕತ್ತಲಾಗಿರುತ್ತದೆಂದು ದಿನಾಲೂ ಎರಡು ಡಬ್ಬಿ ಒಯ್ಯುತ್ತೇನೆ. ಒಂದು ಮಧ್ಯಾಹ್ನಕ್ಕೆ. ಇನ್ನೊಂದನ್ನು ಶಾಲೆ ಬಿಟ್ಟ ಮೇಲೆ ಶಿಕ್ಷಕರ ಕೋಣೆಯಲ್ಲಿ ಕೂತು, ಕಿಟಕಿಯಾಚೆ ಸೂರ್ಯನನ್ನು ನೋಡುತ್ತ ಮುಗಿಸುತ್ತೇನೆ. ಇದು ಎಲ್ಲರಿಗೂ ಇರುವ ಕಟ್ಟಳೆ. ಇದರ ಮೇಲೆ ಒಬ್ಬೊಬ್ಬರದು ಒಂದೊಂದು ನೇಮ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು, ಇವುಗಳಲ್ಲಿ ಯಾವುದನ್ನಾದರೂ ಇಷ್ಟು ದಿನ ಬಿಟ್ಟೆ ಎಂದು ದೇವರ ಮುಂದೆ ಹೇಳಿಕೊಂಡರೆ ಮುಗಿಯಿತು. ಯಾಕೆ ಎಂದು ಕೇಳುವಂತಿಲ್ಲ. ಒತ್ತಾಯ ಮಾಡಿ ತಿನ್ನಿಸಿ ಇನ್ನೊಬ್ಬರ ನೇಮ ಮುರಿಸಿದರೆ ಪಾಪ ಮುರಿಸಿದವರಿಗೆ. ಮದುವೆಯಾಗಿ ಬಂದಂದಿನಿಂದ ನಾನು ಕಟ್ಟಳೆ ಪಾಲಿಸಿದ್ದೇನೆ, ನೇಮ ಮಾತ್ರ ಒಂದನ್ನೂ ಹಿಡಿದವಳಲ್ಲ. ಅದು ಅತ್ತೆಗೆ ಗೊತ್ತಿತ್ತು. ಎಂದೂ ಆಡಿ ತೋರಿಸಿರಲಿಲ್ಲ.

ಅತ್ತೆಗೆ ಲಕ್ವಾ ಹೊಡೆದದ್ದು ಮಜ್ಜಿಗೆ ಬಿಡುವುದಕ್ಕೆ ಕೆಲವು ವಾರ ಮೊದಲು. ಬಸದಿಯಿಂದ ಬಂದು ಕಾಲು ತೊಳೆಯಲು ಬಗ್ಗಿದವರು ಹಾಗೆಯೇ ಬಲಕ್ಕೆ ವಾಲಿದರು. ಜಮಖಂಡಿಯ ಆಸ್ಪತ್ರೆಗೆ ಬೇಗ ಮುಟ್ಟಿಸಿದೆವು. ಬೇಗ ತಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಬಲಗಾಲು ಎಳೆದುಕೊಂಡಾದರೂ ನಡೆಯುವ ಹಾಗಾದರು. ಮಾತು ಸ್ವಲ್ಪ ತೊದಲುತ್ತಿತ್ತು, ತಿಳಿಯುತ್ತಿತ್ತು. ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದುಕೊಂಡಿರುತ್ತಿತ್ತು. ನೋಡಲು ಬಂದವರೆಲ್ಲ “ಛಲೋ ಆರಾಮ ಆದ್ರಿ ಬಿಡ್ರಿ” ಎಂದು ಚಹಾ ಕುಡಿದು ಹೋದರು. ಅತ್ತೆ ನಗುತ್ತಿದ್ದರು. ಬಾಯಿಯ ಅರ್ಧ ಮಾತ್ರ ನಗುತ್ತಿತ್ತು, ಇನ್ನರ್ಧ ಏನು ಯೋಚನೆ ಮಾಡುತ್ತಿದೆಯೋ ಎಂದು ನನಗೆ ಅನಿಸುತ್ತಿತ್ತು.

ಮಜ್ಜಿಗೆಯ ನಂತರ ಸಾರು ಬಿಟ್ಟರು. ಅದಾದ ಮೇಲೆ ಗರಿಗರಿಯಾಗಿ ಒಣಗಿಸಿದ ಕಟಕ ರೊಟ್ಟಿ, ಅದರ ಜೊತೆಗೇ ಶೇಂಗಾ ಚಟ್ನಿ ಪುಡಿ. ಆಮೇಲೆ ಚುರಮುರಿ. ಒಂದೊಂದನ್ನು ಬಿಟ್ಟಾಗಲೂ ಅದೇ ಮಾತು, ನೇಮ ತಗೊಂಡೀನಿ. ಜಮಖಂಡಿಗೆ ಕೊಟ್ಟಿರುವ ನನ್ನ ನಾದಿನಿ ವಾರಕ್ಕೊಮ್ಮೆ ಬರುತ್ತಿದ್ದಳು. ತಾಯಿಯ ನೇಮ ಕೇಳಿ ಅವಳಿಗೆ ಕಣ್ಣು ತುಂಬಿ ಬಂತು. “ಇಂಥಾ ಬ್ಯಾನ್ಯಾಗೂ ಅವ್ವ ಧರ್ಮ ಬಿಟ್ಟಿಲ್ಲ ನೋಡ್ರಿ ವೈನಿ” ಎಂದಳು. ಬಸದಿಗೆ ಹೋಗಿ ಅಲ್ಲಿಯೂ ಹೇಳಿ ಬಂದಳು. ನಾಲ್ಕು ಜನ ಮನೆಗೆ ಬಂದು ಅತ್ತೆಗೆ ಕೈಮುಗಿದರು.

ನನಗೆ ಕೈಮುಗಿಯಲು ಆಗಲಿಲ್ಲ. ಅತ್ತೆಯ ಕುಪ್ಪಸ ಭುಜದಿಂದ ಜಾರತೊಡಗಿತ್ತು. ಬಳೆಗಳು ಮೊಳಕೈವರೆಗೆ ಹೋಗಿ ಬರುತ್ತಿದ್ದವು. ಮಾಡಿದ್ದೆಲ್ಲ ನನ್ನ ಕೈಯ ಅಡುಗೆ, ಬಿಟ್ಟದ್ದೆಲ್ಲ ಅದರಲ್ಲೇ. ಸೊಸೆ ಹೊಟ್ಟೆಗೆ ಸರಿಯಾಗಿ ಹಾಕಲಿಲ್ಲ ಎಂದು ನಾಳೆ ಇದೇ ಜನ ಆಡಿಕೊಳ್ಳುವುದಿಲ್ಲವೆ? ಆದರೆ ನನ್ನನ್ನು ಕೊರೆಯುತ್ತಿದ್ದದ್ದು ಇನ್ನೊಂದು. ಮಜ್ಜಿಗೆ ಬಿಟ್ಟವರು ಗಟ್ಟಿ ಮೊಸರು ಕಲಸಿದ ಅನ್ನ ತಿನ್ನುತ್ತಿದ್ದರು. ಮೊಸರು ಬಿಟ್ಟರೆ ಮಜ್ಜಿಗೆಯೂ ಹೋಗಬೇಕು, ಅದು ಸರಿ. ಮಜ್ಜಿಗೆ ಬಿಟ್ಟು ಮೊಸರು ಉಳಿಸಿಕೊಳ್ಳುವುದು ಯಾವ ನೇಮ? ಹೆಜ್ಜೆ ತಪ್ಪಿದ್ದರೂ ಉತ್ತರ ಸರಿ ಬಂದಿರುವ ಲೆಕ್ಕ ಕಂಡರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ.

ಈ ಹೊತ್ತಿನಲ್ಲೇ ಆ ಹುಡುಗಿ ಬಂದಳು. ಹೆಗಲಿಗೊಂದು ಚೀಲ, ಕೊರಳಲ್ಲಿ ಗುರುತಿನ ಚೀಟಿ. ಲಕ್ವಾ ಹೊಡೆದವರು ಮನೆಗೆ ಬಂದ ಮೇಲೆ ಹೇಗೆ ಸುಧಾರಿಸುತ್ತಾರೆ, ಅವರ ನೆನಪು ಬುದ್ಧಿ ಹೇಗಿರುತ್ತದೆ, ಮನಸ್ಸು ಹೇಗಿರುತ್ತದೆ ಎಂದು ಒಂದು ಸಂಶೋಧನೆ ನಡೆದಿದೆಯಂತೆ. ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ಒಪ್ಪಿ ಹೆಬ್ಬೆಟ್ಟು ಒತ್ತಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನು ಅವಳ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

“ಔಷಧ ಕಂಪನಿಯವರೇನು?”

“ಅಲ್ರಿ ಮೇಡಂ.”

“ವಿಮಾ ಮಾಡ್ಸೂದೈತೇನು ಹಂಗಾರ?”

“ಅದೂ ಅಲ್ರಿ. ಬರೇ ಕೇಳಿ ಬರ್ಕೊಳ್ಳೂದು. ನಾ ಇಲ್ಲೇ ಮುಧೋಳದಾಕಿರಿ” ಎಂದಳು. ಮುಧೋಳದವರೆಂದರೆ ನಂಬಬೇಕು ಎಂದು ಎಲ್ಲಿ ಬರೆದಿದೆ ಎಂದುಕೊಂಡೆ, ಆದರೆ ಒಳಗೆ ಕರೆದೆ.

ಪಡಸಾಲೆಯಲ್ಲಿ ಪರೀಕ್ಷೆ ಶುರುವಾಯಿತು. ಇವತ್ತು ಯಾವ ತಾರೀಖು ಎಂದು ಹುಡುಗಿ ಕೇಳಿದಳು. ಅತ್ತೆ ತಿಥಿ ಹೇಳಿದರು. ಹುಡುಗಿ ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿ, ಸರಿ ಎಂದು ಗುರುತು ಹಾಕಿದಳು. ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತೇನೆ, ನೆನಪಿಡಿ ಎಂದಳು. ಕೇಳಿದಾಗ ಅತ್ತೆ ಎರಡನ್ನು ಹೇಳಿ ತಡೆದರು. ಬಾಗಿಲ ಬಳಿ ನಿಂತಿದ್ದ ನಾದಿನಿ ತುಟಿಯಲ್ಲೇ ಮೂರನೆಯದನ್ನು ಆಡಿ ತೋರಿಸಿದಳು. ನನ್ನ ಕಣ್ಣೆದುರಿಗೇ ನಕಲು. ಶಾಲೆಯಲ್ಲಾಗಿದ್ದರೆ ಉತ್ತರ ಪತ್ರಿಕೆ ಕಸಿದುಕೊಳ್ಳುತ್ತಿದ್ದೆ. ಇಲ್ಲಿ ನಾದಿನಿ, ಸುಮ್ಮನಿದ್ದೆ.

ಒಂದು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎಂದು ಮುಂದಿನ ಪ್ರಶ್ನೆ. ಅತ್ತೆ ಕಣ್ಣು ಮುಚ್ಚಿದರು. “ಎತ್ತು, ಆನಿ, ಕುದರಿ, ಮಂಗ್ಯಾ…” ಎಂದು ಶುರು ಮಾಡಿದರು. ನಾದಿನಿಗೆ ಹಿಗ್ಗೋ ಹಿಗ್ಗು. ನನಗೆ ತಿಳಿಯಿತು, ಅವರು ತೀರ್ಥಂಕರರ ಲಾಂಛನಗಳನ್ನು ಮೊದಲಿನಿಂದ ಹಿಡಿದು ಹೇಳುತ್ತಿದ್ದರು. ನಡುವೆ ಕಮಲ ಬಂದಾಗ, “ಇದು ಪ್ರಾಣಿ ಅಲ್ಲ, ಬಿಡು” ಎಂದು ದಾಟಿ, ಸ್ವಸ್ತಿಕವನ್ನೂ ಚಂದ್ರನನ್ನೂ ದಾಟಿ, ಮೊಸಳೆಗೆ ಬಂದರು. ಹುಡುಗಿ ಖುಷಿಯಿಂದ ಬರೆದುಕೊಂಡಳು. ಇದು ಬಾಯಿಪಾಠ, ಇದರಲ್ಲಿ ಬುದ್ಧಿಯ ಪರೀಕ್ಷೆ ಏನಾಯಿತು ಎಂದು ನನಗೆ ಅನಿಸಿತು. ಬಾಯಿಪಾಠದ ಹಿಂದೆ ಎಷ್ಟು ಅಡಗಿಸಬಹುದು ಎನ್ನುವುದು ನನಗೆ ನನ್ನ ತರಗತಿಯಿಂದ ಗೊತ್ತಿತ್ತು.

ಆಮೇಲೆ ಮನಸ್ಸಿನ ಪ್ರಶ್ನೆಗಳು. ಬೇಸರ ಆಗುತ್ತದೆಯೇ, ಅಳು ಬರುತ್ತದೆಯೇ, ಯಾರಿಗೂ ಬೇಡವಾಗಿದ್ದೇನೆ ಎನಿಸುತ್ತದೆಯೇ.

“ಎಲ್ಲಾ ಸಮಾಧಾನ ಐತಿ” ಎಂದರು ಅತ್ತೆ.

“ಊಟ ಸೇರ್ತೈತೇನ್ರಿ ಅಮ್ಮಾ? ಮೊದ್ಲಿಗಿಂತ ಕಡಿಮಿ ಆಗೈತೇನು?”

“ನೇಮ ಐತಿ.”

ಹುಡುಗಿಯ ಪೆನ್ನು ನಿಂತಿತು. ಅವಳು ಹಾಳೆಯನ್ನು ಮಡಿಚಿಟ್ಟು, ಅಮ್ಮನ ಜೊತೆ ಒಬ್ಬಳೇ ಸ್ವಲ್ಪ ಮಾತಾಡಬಹುದೇ ಎಂದು ಕೇಳಿದಳು. ನಾದಿನಿ ಒಪ್ಪಲಿಲ್ಲ. “ನಮ್ಮ ಮನ್ಯಾಗ ಬಾಗಲಾ ಹಾಕ್ಕೊಂಡು ಮಾತಾಡೂ ಪದ್ಧತಿ ಇಲ್ರಿ” ಎಂದಳು. ಖರೆ ಹೇಳಬೇಕೆಂದರೆ ನನಗೂ ಸಮಾಧಾನವಾಯಿತು. ಅತ್ತೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವುದೆಂದರೆ ಸೊಸೆಯ ಮೇಲಿನ ದೂರು ಬಿಟ್ಟು ಬೇರೆ ಏನಿರುತ್ತದೆ? ಹುಡುಗಿ ಮತ್ತೆ ಬರುತ್ತೇನೆ ಎಂದು ಎದ್ದಳು. ಹೋಗುವಾಗ ಅತ್ತೆಯ ಜಾರಿದ ಕುಪ್ಪಸವನ್ನು ಅವಳು ನೋಡಿದ್ದನ್ನು ನಾನು ನೋಡಿದೆ.

ಮುಂದಿನ ತಿಂಗಳುಗಳಲ್ಲಿ ಅತ್ತೆ ಇನ್ನಷ್ಟು ಇಳಿದರು. ಬೇರೆ ಏನನ್ನೂ ಬಿಟ್ಟಿರಲಿಲ್ಲ, ಮುಂಜಾನೆ ಮಾತ್ರ ನಮ್ಮ ಜೊತೆ ಊಟಕ್ಕೆ ಕೂಡದೆ “ಆಮ್ಯಾಲೆ ಉಣ್ತೀನಿ” ಎನ್ನುತ್ತಿದ್ದರು. ನಾನು ಮುಂಜಾನೆ ಮೆತ್ತಗಿನ ಅನ್ನ, ತೊವ್ವೆ, ಗೋಧಿ ಹುಗ್ಗಿ ಮಾಡಿಟ್ಟು ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಪಾತ್ರೆ ಖಾಲಿ, ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು. ಉಂಡವರು ಯಾಕೆ ಇಳಿಯಬೇಕು? ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ. ಮಕ್ಕಳು ಓದಲು ಹೊರಗಿದ್ದಾರೆ, ಮನೆಯವರಿಗೆ ಗೊಬ್ಬರದ ಅಂಗಡಿ. ಅವರು ಹೊತ್ತು ಮುಳುಗುವ ಮುಂಚೆ ಓಡಿ ಬಂದು ನಾಲ್ಕು ತುತ್ತು ತಿಂದು ಹೋಗುವಾಗ ಅತ್ತೆ, “ನಂದು ಆಗಲೇ ಆತು” ಎನ್ನುತ್ತಿದ್ದರು. ಅಂದರೆ ಅತ್ತೆ ಉಣ್ಣುವುದನ್ನು ಕಂಡವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಇದನ್ನು ನಾನು ಮನೆಯವರಿಗೆ ಹೇಳಿದೆ.

“ಅವ್ವ ಸುಳ್ಳು ಹೇಳ್ತಾಳಂತಿಯೇನು?” ಎಂದು ಅವರು ಸಿಡುಕಿದರು.

“ಹಂಗಂದಿಲ್ರಿ. ಉಂಡಿದ್ದನ್ನ ನೀವು ಕಂಡೀರೇನು ಅಂತ ಕೇಳೀನಿ.”

“ನಿನಗ ದೇವರ ಮ್ಯಾಲೂ ಸಂಶಯ” ಎಂದು ಚಪ್ಪಲಿ ಮೆಟ್ಟಿ ಹೋದರು. ಅವರ ಸಿಟ್ಟಿನಲ್ಲಿ ಹೆದರಿಕೆ ಇತ್ತು. ಅವರೂ ಆ ಕುಪ್ಪಸವನ್ನು ನೋಡಿದ್ದರು, ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ ಅಷ್ಟೇ.

ಹುಡುಗಿ ಎರಡನೆಯ ಸಲ ಬಂದಾಗ ಶಾಲೆಗೆ ರಜೆ. ನಾದಿನಿಯೂ ಬಂದಿದ್ದಳು. ಈ ಸಲ ನಾನೇ ನಾದಿನಿಯನ್ನು ಕೈಹಿಡಿದು ಅಡುಗೆಮನೆಗೆ ಕರೆದೊಯ್ದೆ, ಬರುವಾಗ ಅತ್ತೆ, ಹುಡುಗಿ ಕೂತಿದ್ದ ಕೋಣೆಯ ಬಾಗಿಲನ್ನು ಹೊರಗಿನಿಂದ ಎಳೆದುಕೊಂಡೆ. ಒಳಗೆ ನನ್ನ ಮೇಲೆ ದೂರು ಹೇಳುವುದಿದ್ದರೆ ಹೇಳಲಿ, ಇಳಿಯುವುದು ನಿಂತರೆ ಸಾಕು ಎನಿಸಿತ್ತು. ಎಷ್ಟು ಕಿವಿಗೊಟ್ಟರೂ ಒಂದು ಶಬ್ದ ಕೇಳಲಿಲ್ಲ. ಹುಡುಗಿ ಹೊರಗೆ ಬಂದಾಗ ಅವಳ ಮುಖ ಬಾಡಿತ್ತು. ಬಸ್‌ಸ್ಟ್ಯಾಂಡಿನವರೆಗೆ ನಾನೂ ಹೋದೆ, ಕಳಿಸುವ ನೆವದಲ್ಲಿ ವಿಚಾರಿಸಲು.

“ಏನಂದ್ರು?”

“ಅವರು ಹೇಳಿದ್ದನ್ನ ನಾ ಹೇಳಾಕ ಬರೂದಿಲ್ರಿ ಮೇಡಂ. ಅವರಿಗೆ ಮಾತು ಕೊಟ್ಟೀನಿ. ಡಾಕ್ಟರ ಹತ್ರ ಹೇಳ್ರಿ ಅಂತ ಅವರಿಗೂ ಹೇಳೀನಿ, ಹೂಂ ಅಂದಾರ್ರಿ. ನಿಮಗೊಂದು ಕೇಳ್ಲೇನ್ರಿ? ಈ ನೇಮ ಅವರು ಲಕ್ವಾ ಹೊಡ್ಯೂಕಿಂತ ಮೊದಲ ಹಿಡಿದಿದ್ರೋ, ಆಮ್ಯಾಲೋ?”

“ಆಮ್ಯಾಲೆ.”

“ಏನೇನು ಬಿಟ್ಟಾರ್ರಿ?”

ನಾನು ಹೇಳತೊಡಗಿದೆ. ಮಜ್ಜಿಗೆ, ಸಾರು. ಕಟಕ ರೊಟ್ಟಿ, ಚಟ್ನಿ ಪುಡಿ, ಚುರಮುರಿ. ಹೇಳುತ್ತ ಹೇಳುತ್ತ ಮನಸ್ಸಿನಲ್ಲೇ ಅವನ್ನು ಎರಡು ಪಟ್ಟಿ ಮಾಡಿದೆ. ಅರ್ಧ ನೀರಿನಂಥವು, ಇನ್ನರ್ಧ ಒಣ ಪುಡಿಯಂಥವು. ಉಳಿಸಿಕೊಂಡದ್ದೆಲ್ಲ ಮೆತ್ತಗೆ, ಮುದ್ದೆಯಾಗಿ ಒಂದೇ ಸಲ ಒಳಗೆ ಹೋಗುವಂಥದ್ದು. ಇಷ್ಟು ದಿನ ನಾನು ನನ್ನ ಕೈರುಚಿಯ ಸುತ್ತಲೇ ತಿರುಗುತ್ತಿದ್ದೆ. ಇದು ರುಚಿಯದಲ್ಲ, ಗಂಟಲಿನದು.

“ಇದನ್ನ ಇದ್ದಂಗ ಡಾಕ್ಟರಿಗೆ ಹೇಳ್ರಿ, ತಡಾ ಮಾಡಬ್ಯಾಡ್ರಿ” ಎಂದು ಹುಡುಗಿ ಬಸ್ಸು ಹತ್ತಿದಳು.

ಕಣ್ಣಾರೆ ಕಾಣದೆ ಡಾಕ್ಟರಿಗೆ ಏನೆಂದು ಹೇಳಲಿ? ಮರುದಿನ ಶಾಲೆಯಲ್ಲಿ ಅರ್ಧ ದಿನದ ರಜೆ ಹಾಕಿ ಮಧ್ಯಾಹ್ನದ ಬಸ್ಸಿಗೆ ಬಂದೆ. ಮುಂದೊಂದು ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು, ರಸ್ತೆ ತನ್ನದೇ ಎನ್ನುವಂತೆ ಹೊರಟಿತ್ತು. ಡ್ರೈವರನಿಗೆ ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದೆ. ಮನೆಯ ಹಿಂದಿನ ಓಣಿಯಿಂದ ಸದ್ದು ಮಾಡದೆ ಹಿತ್ತಿಲಿಗೆ ಬಂದೆ.

ಅತ್ತೆ ಹಿತ್ತಿಲ ಕಟ್ಟೆಯ ಮೇಲೆ ಕೂತಿದ್ದರು. ಎದುರಿಗೆ ಓಣಿಯ ಆಕಳು. ಅತ್ತೆ ಎಡಗೈಯಿಂದ ನನ್ನ ಹುಗ್ಗಿಯನ್ನು ಬಳಿದು ಬಳಿದು ಅದಕ್ಕೆ ತಿನ್ನಿಸುತ್ತಿದ್ದರು. ಪಾತ್ರೆ ಬರಿದಾದ ಮೇಲೆ ಒಂದು ಲೋಟ ನೀರು ಎತ್ತಿಕೊಂಡು, ಅತ್ತ ಇತ್ತ ನೋಡಿ, ಒಂದು ಗುಟುಕು ಕುಡಿದರು. ಕುಡಿದದ್ದೇ ತಡ, ಎದೆ ಕಿತ್ತು ಬರುವಂತೆ ಕೆಮ್ಮು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಸದ್ದು ಹೊರಗೆ ಬಾರದಂತೆ ಕೆಮ್ಮಿದರು. ಕಣ್ಣು ಕೆಂಪಾಗಿ ನೀರು ಸುರಿಯಿತು. ಬಾಯಿಯ ಬಲಗಡೆಯಿಂದ ಜೊಲ್ಲು ಇಳಿದು ಕುಪ್ಪಸದ ಮೇಲೆ ಬಿತ್ತು. ಅದನ್ನು ಅವರು ಒರೆಸಿಕೊಂಡ ರೀತಿ ನೋಡಿ ನನಗೆ ಅಳು ಬಂತು. ಬೇರೆ ಯಾರದೋ ಹೊಲಸನ್ನು ಒರೆಸುವಂತೆ ಒರೆಸಿಕೊಂಡರು.

“ಅತ್ತೀ” ಎಂದೆ.

ಅವರು ಬೆಚ್ಚಿಬಿದ್ದರು. ಎತ್ತರದ ದನಿಯಲ್ಲಿ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪಾತ್ರೆಯನ್ನು ಸೆರಗಿನಡಿ ಮುಚ್ಚಿಕೊಳ್ಳಲು ನೋಡಿದರು. ನಾನು ಪಕ್ಕದಲ್ಲಿ ಕೂತೆ.

“ಯಾಕ್ರಿ ಅತ್ತಿ? ಕೆಮ್ಮು ಬರ್ತೈತಿ ಅಂತ ಒಂದು ಮಾತು ಹೇಳಬಾರದೇನ್ರಿ?”

“ಏನಂತ ಹೇಳ್ಲಿ? ಎಲ್ಲಾರ ಮುಂದ ಬಾಯಾಗಿಂದ ಅನ್ನ ಉದರ್ತೈತಿ. ಕೆಮ್ಮಿದ್ರ ಪಂಕ್ತಿ ಮ್ಯಾಲೆಲ್ಲಾ ಎಂಜಲ ಸಿಡೀತೈತಿ. ಈ ಮನ್ಯಾಗ ಮುನಿಗಳಿಗೆ ಆಹಾರ ಕೊಟ್ಟ ಕೈ ಇದು. ನನ್ನ ಮಗ ನೋಡಿ ಹೇಸಿಕೊಂಡ್ರ?” ಅವರು ಒದ್ದೆಯಾದ ಸೆರಗನ್ನು ಮಡಿಚಿ ಹಿಡಿದರು. “ನೇಮ ಅಂದ್ರ ಯಾರೂ ಏನೂ ಕೇಳೂದಿಲ್ಲ.”

“ಹುಗ್ಗಿ ನುಂಗಾಕ ಬರ್ತೈತಲ್ರಿ. ಅದನ್ನ್ಯಾಕ ಆಕಳಿಗೆ ಹಾಕಿದ್ರಿ?”

ಆಕಳು ಇನ್ನೂ ಏನಾದರೂ ಸಿಕ್ಕೀತೆಂದು ಅವರ ಸತ್ತ ಕೈಯನ್ನು ನೆಕ್ಕುತ್ತಿತ್ತು.

“ಯಾರ ಸಲುವಾಗಿ ಉಣ್ಣಲಿ?” ಎಂದರು. “ಒಂದು ಲೋಟಾ ಎತ್ತಾಕ ಬರೂದಿಲ್ಲ. ಹಿಂಗ ಸಾವಕಾಶ ಕಡಿಮಿ ಆಕ್ಕೋತ ಹೋದ್ರ ನಿಮಗೂ ಹಗರ, ನನಗೂ ಹಗರ.”

ಅವರನ್ನು ಅಲ್ಲಿಯೇ ಬಾಚಿ ತಬ್ಬಿಕೊಂಡೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ. ಮೈಯಲ್ಲಿ ಎಲುಬು ಬಿಟ್ಟು ಏನೂ ಕೈಗೆ ಹತ್ತಲಿಲ್ಲ. ನನಗೆ ಅವರ ಮೇಲೆ ಕೆಂಡದಂಥ ಸಿಟ್ಟೂ ಬಂದಿತ್ತು. ಎಲ್ಲರೂ ಕೈಮುಗಿದು ನಿಂತಿರುವಾಗ ಎಲ್ಲರ ಎದುರಿಗೇ ಮೆಲ್ಲಗೆ ಎದ್ದು ಹೋಗಲು ಹೊರಟಿದ್ದರಲ್ಲ.

ಜಮಖಂಡಿಗೆ ಕರೆದೊಯ್ದೆವು. ಲಕ್ವಾದಲ್ಲಿ ಕೈಕಾಲಿನ ಹಾಗೆ ಗಂಟಲೂ ಸೋಲುತ್ತದೆ ಎಂದು ಡಾಕ್ಟರು ಚಮಚೆಯಲ್ಲಿ ಒಂದೊಂದನ್ನೇ ಕುಡಿಸಿ, ತಿನ್ನಿಸಿ ನೋಡಿ ಹೇಳಿದರು. ನೆಟ್ಟಗೆ ಕೂಡಬೇಕು, ಗದ್ದ ಎದೆಗೆ ತಂದು ನುಂಗಬೇಕು, ಚಿಕ್ಕ ತುತ್ತು, ನೀರಿನ ಬದಲು ಗಂಜಿಯಷ್ಟು ಗಟ್ಟಿ. “ಮತ್ತ ಕೆಮ್ಮು ಬಂದ್ರ ತಡೀಬ್ಯಾಡ್ರಿ ಅಮ್ಮಾ, ಜೋರಾಗೇ ಕೆಮ್ಮಿಬಿಡ್ರಿ. ತಡದ್ರ ನುಂಗಿದ್ದು ಶ್ವಾಸಕೋಶಕ್ಕ ಇಳೀತೈತಿ” ಎಂದರು. ಮನಸ್ಸು ಹೀಗೆ ಕುಗ್ಗುವುದೂ ಬೇನೆಯದೇ ಭಾಗ, ಧರ್ಮದ್ದಲ್ಲ ಎಂದು ಮನೆಯವರನ್ನು ಬೇರೆಯಾಗಿ ಕೂರಿಸಿ ಹೇಳಿದರು. ಅದಕ್ಕೊಂದು ಗುಳಿಗೆ ಕೊಟ್ಟು, ಕೆಲಸ ಶುರುವಾಗಲು ಕೆಲವು ವಾರ ಬೇಕು, ಅಲ್ಲಿಯವರೆಗೆ ನೀವೇ ನೋಡಿಕೊಳ್ಳಬೇಕು ಎಂದರು. ಮನೆಯವರು ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡರು.

ಅತ್ತೆ ಎಲ್ಲದಕ್ಕೂ ತಲೆಯಾಡಿಸಿದ್ದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿ ಬರಲಿಲ್ಲ. ಮನೆಗೆ ಬಂದ ಮರುದಿನ ಮುಂಜಾನೆ ದೇವರ ಮುಂದೆ ನಿಂತು, ನಾದಿನಿಯ ಎದುರಿಗೆ, “ಇವತ್ತಿನಿಂದ ಏಕಾಶನ. ಮಧ್ಯಾಹ್ನ ಒಂದ ಹೊತ್ತು ಉಣ್ತೀನಿ” ಎಂದುಬಿಟ್ಟರು.

ಮಧ್ಯಾಹ್ನ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು. ಆಕಳು ಬರುವ ಹೊತ್ತು.

“ಅತ್ತೀ, ಇದು ಸುಳ್ಳು ನೇಮ” ಎಂದೆ. ನಾದಿನಿ ಹೌಹಾರಿದಳು.

“ಮೊದ್ಲು ಹೇಳಿದ್ದೆಲ್ಲಾ ಸುಳ್ಳು” ಎಂದರು ಅತ್ತೆ, ದೇವರ ಕಡೆ ನೋಡುತ್ತಲೇ. “ಅವನ ಮುಂದ ನಿಂತು ಸುಳ್ಳು ಹೇಳೀನಿ. ಅದನ್ನ ಖರೆ ಮಾಡಿ ಹೋಗ್ತೀನಿ.”

ಮನೆಯವರು ಬೇಡಿಕೊಂಡರು. ಮಗಳು ಕಾಲು ಹಿಡಿದಳು. ಬಸದಿಗೆ ಹೋಗಿ ನೇಮ ಬಿಡಿಸಿಕೊಂಡು ಬರೋಣ ಎಂದರೆ, ನಾಲ್ಕು ಜನರ ಮುಂದೆ ಸುಳ್ಳು ಒಪ್ಪಿಕೊಳ್ಳಬೇಕಲ್ಲ, ಸತ್ತರೂ ಬರುವುದಿಲ್ಲ ಎಂದರು. ಒತ್ತಾಯ ಮಾಡಿದರೆ ಪಾಪ ನಮ್ಮದು. ಮಗ ಹಿಂದೆ ಸರಿದರು. ಅತ್ತೆಯ ಮುಖದಲ್ಲಿ ಗೆದ್ದವರ ನೆಮ್ಮದಿ ಕಂಡಿತು. ಅದನ್ನು ಕಂಡು ನನ್ನ ತಲೆ ಕೆಟ್ಟಿತು. ಅದೇ ದೇವರ ಮುಂದೆ, ಅವರ ಪಕ್ಕದಲ್ಲೇ ಹೋಗಿ ನಿಂತೆ.

“ಮಧ್ಯಾಹ್ನ ನಮ್ಮತ್ತಿ ತಮ್ಮ ಬಾಯಿಲೆ ಉಂಡು, ಉಂಡೀನಿ ಅಂತ ಅವರ ಬಾಯಿಲೆ ಹೇಳೂ ತನಕ ನಾನೂ ಉಣ್ಣೂದಿಲ್ಲ. ಇದು ನನ್ನ ನೇಮ. ನಿಮ್ಮ ನೇಮ ನಾ ಮುರಸಂಗಿಲ್ರಿ. ನನ್ನದನ್ನ ನೀವು ಮುರಸಬ್ಯಾಡ್ರಿ.”

ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ನೋಡುವ ನೋಟ ಅದು.

“ನೀ ಯಾವಾಗಿಂದ ನೇಮ ನಂಬಾಕತ್ತಿ? ಬನಹಟ್ಟ್ಯಾಗ ಕೂತು ನೀ ಉಂಡ್ರ ನನಗೇನು ತಿಳೀತೈತಿ?”

“ತಿಳಿಯೂದಿಲ್ರಿ” ಎಂದೆ. “ನೀವು ಆಕಳಿಗೆ ಹಾಕಿದ್ರ ನನಗೂ ತಿಳಿಯೂದಿಲ್ಲ.”

“ಉಂಡ ಮ್ಯಾಲೆ ಫೋನ್ ಮಾಡ್ರಿ” ಎಂದು ಹೇಳಿ, ಎರಡು ಡಬ್ಬಿ ಕಟ್ಟಿಕೊಂಡು ಶಾಲೆಗೆ ಹೋದೆ. ಆ ದಿನ ಫೋನು ಬರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯಿತು, ಸಂಜೆಯ ಗಂಟೆಯೂ ಹೊಡೆಯಿತು, ಹೊತ್ತು ಮುಳುಗಿತು. ಹಸಿದರೆ ನಾನು ಮನುಷ್ಯಳಲ್ಲ, ಎಂಟನೆಯ ತರಗತಿಯ ಅರ್ಧ ಮಕ್ಕಳು ಅಂದು ವಿನಾಕಾರಣ ಬೈಸಿಕೊಂಡರು. ರಾತ್ರಿ ಮನೆಗೆ ಬಂದು ಚೀಲ ಇಟ್ಟೆ. ಅತ್ತೆ ಅದನ್ನು ತಮ್ಮ ಕಡೆ ಎಳೆದುಕೊಂಡರು. ಎಡಗೈಯಿಂದ ಒಂದೊಂದು ಡಬ್ಬಿಯನ್ನೂ ಎತ್ತಿ ತೂಗಿ ನೋಡಿದರು. ಮುಚ್ಚಳ ತೆಗೆದು ಮೂಸಿದರು. ರೊಟ್ಟಿ ಎಣಿಸಿದರು. ನನ್ನ ಬಾಯಿ ವಾಸನೆ ನೋಡುವುದೊಂದು ಬಾಕಿ ಇತ್ತು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿ ಮಲಗಲು ಹೋದರು.

ಮರುದಿನವೂ ಮಧ್ಯಾಹ್ನ ಫೋನು ಬರಲಿಲ್ಲ. ಕೊನೆಯ ಪಾಠ ಮುಗಿಯುವಷ್ಟರಲ್ಲಿ ನನಗೆ ಬೋರ್ಡಿನ ಮೇಲಿನ ಅಂಕಿಗಳು ತೇಲುತ್ತಿದ್ದವು. ಶಿಕ್ಷಕರ ಕೋಣೆಯಲ್ಲಿ ಒಬ್ಬಳೇ ಕೂತೆ. ಡಬ್ಬಿ ಮುಂದಿತ್ತು, ಅದರ ಪಕ್ಕದಲ್ಲಿ ಫೋನು. ಕಿಟಕಿಯಾಚೆ ಸೂರ್ಯ ನೀರಿನ ಟಾಕಿಯ ಹಿಂದೆ ಇ‍ಳಿಯುತ್ತಿದ್ದ. ಈ ಹಠದಲ್ಲಿ ಅವರು ನನಗಿಂತ ಹಳಬರು, ಅವರೇ ಗೆಲ್ಲುತ್ತಾರೆ ಎನಿಸಿತು. ಗೆದ್ದರೆ ಅವರನ್ನು ಕಳೆದುಕೊಳ್ಳುತ್ತೇವೆ. ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು.

ಫೋನು ಬಂತು. ಮನೆಯವರ ನಂಬರು. ಎತ್ತಿದರೆ ಅತ್ತೆಯ ತೊದಲು ದನಿ. ಮನೆಯವರು ಅಂಗಡಿ ಬಿಟ್ಟು ಮನೆಗೆ ಹೋಗಿದ್ದಾರೆ ಎಂದು ಗೊತ್ತಾಯಿತು.

“ನಾ ಉಂಡೀನಿ. ಹೊತ್ತು ಮುಳಗಾಕತ್ತೈತಿ, ನೀ ಉಣ್ಣು.”

“ಏನ್ ಉಂಡ್ರಿ? ಎಷ್ಟು ಉಂಡ್ರಿ?” ಎಂದು ಕೇಳಿದೆ. ನನ್ನ ಬಾಯಿಗೆ ಬೇರೆ ಮಾತು ಬರುವುದೇ ಇಲ್ಲ.

“ಅನ್ನಾ ತೊವ್ವಿ. ಒಂದು ವಾಟಗಾ ತುಂಬ…” ಎಂದವರಿಗೆ ಮಾತು ಮುಗಿಸಲಾಗಲಿಲ್ಲ. ಕೆಮ್ಮು ಬಂತು. ಸೆರಗಿನೊಳಗಿನ ಉಸಿರುಗಟ್ಟಿದ ಕೆಮ್ಮಲ್ಲ. ಮಗ ಎದುರಿಗಿದ್ದಾಗಲೇ, ಬಾಯಿ ತೆರೆದು, ಗಂಟಲು ಹರಿಯುವಂತೆ ಕೆಮ್ಮಿದರು. ಹಿಂದಿನಿಂದ ಮನೆಯವರು “ಕೆಮ್ಮವಾ, ಇನ್ನೂ ಜೋರಾಗಿ ಕೆಮ್ಮು” ಎನ್ನುವುದು ಕೇಳಿಸಿತು.

ಕೆಮ್ಮು ನಿಲ್ಲುವವರೆಗೆ ಫೋನನ್ನು ಕಿವಿಗೆ ಹಿಡಿದುಕೊಂಡೇ ಒಂದು ಕೈಯಿಂದ ಡಬ್ಬಿಯ ಮುಚ್ಚಳ ತೆಗೆದೆ.